ನೀರು ತಿಳಿಯಾಗುವ ತನಕ

ಅವರ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಯಾವಾಗಲೂ ಒಣಗಿದ ಅಂಟು ಇರುತ್ತಿತ್ತು. ಊಟಕ್ಕೆ ಕೂಡುವ ಮೊದಲು ಅದನ್ನು ಒಂದು ಬೇವಿನ ಕಡ್ಡಿಯಿಂದ ಕೆರೆದು ತೆಗೆಯುತ್ತಿದ್ದರು. ಎಷ್ಟು ಹಸಿವಿದ್ದರೂ ಆ ಕೆಲಸದಲ್ಲಿ ಅವಸರ ಮಾಡುತ್ತಿರಲಿಲ್ಲ. ಅವರನ್ನು ನೆನೆದಾಗ ನನಗೆ ಮೊದಲು ಕಾಣುವುದು ಆ ಹೆಬ್ಬೆರಳು. ಮುಖ ಆಮೇಲೆ ಬರುತ್ತದೆ. ಒಂದು ದಿನ ಅವರ ಮುಖ ನೋಡಲಾರದೆ ಕೈಯನ್ನೇ ನೋಡುತ್ತ ಕೂತಿದ್ದೆ. ಅಂದಿನಿಂದ ನೆನಪು ಹೀಗೆ ಹಿಂದುಮುಂದಾಗಿದೆ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಅವರ ಪರವಾಗಿ ಬಾಯಿ ತೆರೆಯಬೇಕಾದ ದಿನ ತೆರೆಯದವನು, ಈಗ ಅವರ ಹೆಸರು ಹೇಳಿ ಕಥೆ ಮಾಡುವುದು ಸರಿಯಲ್ಲ. ನನಗೀಗ ಎಂಬತ್ತು ದಾಟಿದೆ. ಮೆಟ್ರಿಕ್ ತನಕ ಓದಿದವನು. ಕಚೇರಿಯ ಟಿಪ್ಪಣಿ ಬಿಟ್ಟು ಬೇರೇನೂ ಬರೆದವನಲ್ಲ. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ನಮ್ಮದು ಹುಮನಾಬಾದ್. ಅಪ್ಪನದು ಕಾಳುಕಡಿಯ ಅಂಗಡಿ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ; ಮೊಟ್ಟೆಯ ಹೆಸರನ್ನೂ ಎತ್ತದ ಮನೆ. ನಮ್ಮ ಜಿಲ್ಲೆ ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕಚೇರಿಗಳಿಗೆ ಕನ್ನಡ ಬರೆಯುವ ಹುಡುಗರು ಬೇಕಾದರು. ಹಾಗೆ ನನಗೆ ಬಸವಕಲ್ಯಾಣದ ಒಂದು ಕಚೇರಿಯಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು. ಅಲ್ಲಿ ಅವರು ದಫ್ತರಿ. ರೆಕಾರ್ಡು ಕೋಣೆಯ ಪುಸ್ತಕಗಳಿಗೆ ಜಿಲ್ದು, ಅಂದರೆ ರಟ್ಟು, ಕಟ್ಟುವುದು, ಹರಿದದ್ದನ್ನು ಹೊಲಿಯುವುದು, ಕೇಳಿದ್ದನ್ನು ಹುಡುಕಿ ಕೊಡುವುದು ಅವರ ಕೆಲಸ. ನನಗಿಂತ ಹದಿನೈದು ವರ್ಷ ದೊಡ್ಡವರು.

ಹಳೆಯ ಪುಸ್ತಕಗಳೆಲ್ಲ ಉರ್ದು, ಹೊಸವು ಕನ್ನಡ. ಅವರಿಗೆ ಎರಡನ್ನೂ ಓದಲು ಬರುತ್ತಿರಲಿಲ್ಲ. ಒಮ್ಮೆ ಮೇಲಿನವರು ಯಾವುದೋ ಹಳೆಯ ಪುಸ್ತಕ ಕೇಳಿದಾಗ ನಾವು ಮೂವರು ಗುಮಾಸ್ತರು ಅರ್ಧ ದಿನ ಹುಡುಕಿ ಸೋತೆವು. ಅವರು ಊಟ ಮುಗಿಸಿ ಬಂದು, ಸಾಲಿನ ಮೇಲೆ ಬೆರಳಾಡಿಸುತ್ತ ಹೋಗಿ ಒಂದನ್ನು ಎಳೆದು ಕೊಟ್ಟರು. ಅದೇ ಆಗಿತ್ತು.

"ಹ್ಯಾಂಗ ಗೊತ್ತಾತು ಕಾಕಾ?" ಎಂದೆ.

"ಆ ವರ್ಷ ಮಳಿ ಭಾಳ ಇತ್ತು. ಅಂಟು ಒಣಗಲಿಲ್ಲ, ಬೆನ್ನು ಜರಾ ಡೊಂಕ ಆಗ್ಯಾದ. ಅಕ್ಷರ ನಿಮ್ಮದರಿ, ಬೆನ್ನು ನಂದು."

ಕಚೇರಿಯಲ್ಲಿ ನನ್ನನ್ನು 'ಸಾಹೇಬ್ರ' ಎನ್ನುತ್ತಿದ್ದರು. ಗೇಟು ದಾಟಿದ ಮೇಲೆ 'ತಮ್ಮಾ'. ಈ ಎರಡು ಕರೆಗಳ ನಡುವಿನ ಗೆರೆಯನ್ನು ಅವರು ಒಂದು ದಿನವೂ ತಪ್ಪಿದವರಲ್ಲ. ಇದನ್ನು ಓದುವವರು ನೆನಪಿಟ್ಟುಕೊಳ್ಳಬೇಕು.

ಅಂಟು ಮಾಡುವುದನ್ನು ಅವರು ಹೈದರಾಬಾದಿನಲ್ಲಿ ಒಬ್ಬ ಮುದುಕ ಉಸ್ತಾದರಿಂದ ಕಲಿತಿದ್ದರು. ಬರೀ ಹಿಟ್ಟು ಕುದಿಸಿ ಬಳಿದರೆ ಹುಳ ಬಂದು ಪುಸ್ತಕ ತಿನ್ನುತ್ತದೆ. ಅದಕ್ಕೆ ಹಿಟ್ಟನ್ನು ಗಟ್ಟಿಯಾಗಿ ನಾದಿ, ನೀರಿನಲ್ಲಿ ನೆನೆಹಾಕಿ, ಆಮೇಲೆ ಒಂದರ ಮೇಲೊಂದು ನೀರಿನಲ್ಲಿ ಹಿಚುಕಿ ತೊಳೆಯಬೇಕು. ಬಿಳಿ ಹಾಲಿನಂಥ ನೀರು ಕೆಳಗೆ ಇಳಿಯುತ್ತದೆ. ಅದನ್ನು ಕುದಿಸಿದರೆ ಹುಳ ಮುಟ್ಟದ ಅಂಟು. ಕೈಯಲ್ಲಿ ಉಳಿಯುವುದು ಒಂದು ಜಿಗುಟು ಮುದ್ದೆ. ನಮ್ಮ ಕಡೆ ಬೇಸಿಗೆಯಲ್ಲಿ ಕುರಡಗಿ ಎಂಬ ಸಂಡಿಗೆ ಹಾಕುವಾಗಲೂ ಗೋಧಿಹಾಲು ಹಿಂಡಿ ತೆಗೆದ ಮೇಲೆ ಇಂಥದೇ ಉಳಿಯುತ್ತದೆ. ಅದನ್ನು ಎಮ್ಮೆಗೆ ಹಾಕುತ್ತಾರೆ.

ಊಟದ ವಿಷಯ ಹೇಳಬೇಕು. ಮಾಂಸ ತಿನ್ನದವರು ಮಧ್ಯಾಹ್ನ ಕಚೇರಿಯ ಹಿಂದಿನ ಪಡಸಾಲೆಯಲ್ಲಿ ಸಾಲಾಗಿ ಕೂತು ಉಣ್ಣುತ್ತಿದ್ದೆವು. ತಿನ್ನುವವರು ಹುಣಸೆ ಗಿಡದ ಕೆಳಗೆ. ಎಲ್ಲಿಯೂ ಬರೆದಿಟ್ಟ ನಿಯಮವಲ್ಲ, ಆದರೆ ಹೊಸಬರು ಬಂದ ಮೊದಲ ದಿನವೇ ತಮ್ಮ ಜಾಗ ತಿಳಿದುಕೊಳ್ಳುತ್ತಿದ್ದರು. ಅವರ ಜಾಗ ಹುಣಸೆ ಗಿಡ. ಅವರ ಮನೆತನದಲ್ಲಿ ಹಬ್ಬಕ್ಕೆ ಕುರಿ, ಐತವಾರ ಅಂದರೆ ಭಾನುವಾರಕ್ಕೆ ಖಂಡದ ಸಾರು ವಾಡಿಕೆ; ಮಾಂಸಕ್ಕೆ ನಮ್ಮ ಕಡೆ ಖಂಡ ಎನ್ನುತ್ತಾರೆ.

ಅವರ ಹೆಂಡತಿ ಮಾತ್ರ ಬೇರೆ. ಆಕೆ ದುಬಲಗುಂಡಿಯವರು. ಆಕೆಯ ತಂದೆ ಪಂಢರಪುರಕ್ಕೆ ನಡೆದು ಹೋಗುತ್ತಿದ್ದ ಮಾಳಕರಿ, ಅಂದರೆ ತುಳಸಿಮಾಲೆ ಹಾಕಿಕೊಂಡು ಮಾಂಸ ಬಿಟ್ಟವರು. ತಂದೆ ತೀರಿದ ವರ್ಷ ಆಕೆಯೂ ಮಾಲೆ ಹಾಕಿಕೊಂಡರು. ತಾನು ತಿನ್ನದಿದ್ದರೂ ಗಂಡನಿಗೆ ಬೇರೆ ಗಡಿಗೆಯಲ್ಲಿ ಮಾಡಿ ಹಾಕುತ್ತಿದ್ದರು.

"ಒಂದು ದಿನ ಕಂಡೆ ತಮ್ಮಾ," ಎಂದು ಅವರು ನನಗೆ ಹೇಳಿದ್ದರು. "ಸೆರಗು ಮೂಗಿಗೆ ಬಿಗಿದು ಕಟ್ಟಿಕೊಂಡು ಸಾರು ತಿರುವಾಕತ್ತಿದ್ದಳು. ಕಣ್ಣಾಗ ನೀರು. ಉಳ್ಳಾಗಡ್ಡಿ ಹೆಚ್ಚೀದೇನು ಅಂದೆ. ಹೂಂ ಅಂದಳು. ಅಡಿಗಿಮನ್ಯಾಗ ಅವತ್ತು ಉಳ್ಳಾಗಡ್ಡಿನೇ ಇದ್ದಿಲ್ಲ."

"ಅವತ್ತೇ ಬಿಟ್ಟಿರೇನು?"

"ಎಲ್ಲಿ ಬಿಡ್ತದ! ನಾಲಿಗಿ ನನ್ನ ಮಾತು ಕೇಳಿದ್ದರ ನಾ ಇಷ್ಟೊತ್ತಿಗೆ ಸಾಧು ಆಗಿರತಿದ್ದೆ."

ಅವರು ಬಿಟ್ಟ ರೀತಿ ಬೇರೆ ಯಾರೂ ಬಿಟ್ಟದ್ದನ್ನು ನಾನು ಕಂಡಿಲ್ಲ. ವರ್ಷಕ್ಕೆ ವಾರದ ಒಂದೊಂದು ದಿನ ಬಿಟ್ಟರು. ಮೊದಲ ವರ್ಷ ಸೋಮವಾರ ಬಿಟ್ಟರು; ಉಳಿದ ಆರು ದಿನ ತಿನ್ನಬಹುದು. ಮರುವರ್ಷ ಬೇಸ್ತವಾರ. ಆಮೇಲೆ ಶನಿವಾರ. ಹುಣಸೆ ಗಿಡದ ಕೆಳಗಿನವರು ನಗುತ್ತಿದ್ದರು: "ದಫ್ತರಿ, ನಿನ್ನ ಹೊಟ್ಟ್ಯಾಗ ಕ್ಯಾಲೆಂಡರ್ ತೂಗು ಹಾಕೀಯೇನು?" ಅವರೂ ನಗುತ್ತಿದ್ದರು. "ಪುಸ್ತಕದ ಬೆನ್ನು ಬಿಚ್ಚೂದೂ ಹಿಂಗೇ. ಒಂದೊಂದೇ ಹೊಲಿಗಿ ಬಿಚ್ಚಬೇಕು. ಜಗ್ಗಿದರ ಹಾಳಿ ಹರೀತಾವ."

ಆರು ವರ್ಷಕ್ಕೆ ಆರು ದಿನ ಹೋದವು. ಐತವಾರ ಉಳಿಯಿತು. ಅಲ್ಲಿಗೆ ಬಂದು ನಿಂತರು. ಏಳನೆಯ ವರ್ಷ ಆಗಲಿಲ್ಲ, ಎಂಟನೆಯ ವರ್ಷವೂ ಆಗಲಿಲ್ಲ. ಐತವಾರ ಬಂತೆಂದರೆ ಹಲ್ಲು ತುರಿಸುತ್ತದೆ ಎನ್ನುತ್ತಿದ್ದರು. ಬದನೆಕಾಯಿ, ಹಲಸಂದಿ, ಪುಂಡಿಪಲ್ಯ ಯಾವುದೂ ಹಲ್ಲಿಗೆ ಕೆಲಸ ಕೊಡುವುದಿಲ್ಲ ಎಂಬುದು ಅವರ ದೂರು.

ಒಂದು ದಿನ ರೆಕಾರ್ಡು ಕೋಣೆಯಲ್ಲಿ ತೊಳೆದುಳಿದ ಜಿಗುಟು ಮುದ್ದೆಯನ್ನು ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡುತ್ತಿದ್ದರು. ನಾನು ಏನೆಂದು ಕೇಳಿದೆ.

"ಹುಳ ಪುಸ್ತಕ ಯಾಕ ತಿಂತಾವ ಹೇಳ್ರಿ ಸಾಹೇಬ್ರ? ಇದರ ಸಲುವಾಗಿ. ಹುಳಕ್ಕ ಇಷ್ಟು ಪಸಂದ ಇದ್ದದ್ದು ಮನಷ್ಯಾಗ ರುಚಿ ಆಗಂಗಿಲ್ಲೇನು?"

ಆದರೆ ಆ ಮುದ್ದೆಯನ್ನು ಅವರು ಮನೆಗೆ ಒಯ್ಯಲಿಲ್ಲ. ಅಂಟಿಗೆಂದು ಕಚೇರಿಯಿಂದ ಕೊಡುವ ಮೈದಾ ಅದು. ಎಂದಿನಂತೆ ಹೊರಗೆ ದನಕ್ಕೆ ಹಾಕಿದರು. "ಸರ್ಕಾರದ ಹಿಟ್ಟು ಹೊಟ್ಟಿಗೆ ಹಾಕಬಾರದರಿ," ಎಂದರು. ಅಲ್ಲಿಂದ ಶುರುವಾಯಿತು ನಮ್ಮ ಗೋಧಿ ಹುಡುಕಾಟ.

ನಮ್ಮದು ಜೋಳದ ಸೀಮೆ. ಗೋಧಿ ಹಬ್ಬಕ್ಕೆ, ಹೋಳಿಗೆಗೆ. ಅವರು ಮೊದಲು ಮನೆಯಲ್ಲಿದ್ದ ಜವಾರಿ ಗೋಧಿ ಬೀಸಿಸಿ ತೊಳೆದರು. ಎಲ್ಲ ನೀರಿನ ಜೊತೆ ಹರಿದುಹೋಗಿ ಕೈಯಲ್ಲಿ ತೌಡು ಉಳಿಯಿತು. ಹುಗ್ಗಿಗೆ ಬಳಸುವ ಖಪಲಿ ಗೋಧಿ ತಂದರು; ಅದು ಇನ್ನೂ ಪುಡಿ ಪುಡಿ. ಹುಲಸೂರಿನಿಂದ ಯಾರದೋ ಕೈಯಲ್ಲಿ ಒಂದು ಪಾಯಲಿ ಅಳತೆಯ ಗೋಧಿ ತರಿಸಿದರು. ಉದ್ದಿನ ವಡೆಯಷ್ಟು ಸಿಕ್ಕಿತು. ಕಾಕು, ಅಂದರೆ ಅವರ ಹೆಂಡತಿ, ನನ್ನ ಮುಂದೆ ಹೇಳಿದರು: "ನಿಮ್ಮ ಕಾಕಾ ಗೋಧಿ ತೊಳದು ತೊಳದು ನಮ್ಮ ಎಮ್ಮಿ ಮೈ ತುಂಬಿಕೊಂಡಿತು ನೋಡು ತಮ್ಮಾ."

ಆಗ ನಾನು ಹೇಳಿದೆ. ಅಪ್ಪ ಗೋಧಿ ಕೊಳ್ಳುವಾಗ ನಾಲ್ಕು ಕಾಳು ಬಾಯಿಗೆ ಹಾಕಿ ಅಗಿಯುತ್ತಿದ್ದ. ಅಗಿದಷ್ಟೂ ಕೆಲವು ಕರಗಿಹೋಗುತ್ತವೆ, ಕೆಲವು ಹಲ್ಲಿಗೆ ಅಂಟಿ ಗೋಂದಿನಂತೆ ಉಳಿಯುತ್ತವೆ. ಉಳಿಯುವ ಗೋಧಿ ನಮಗೆ ಬೇಕು. ಒಂದು ಐತವಾರ ಇಬ್ಬರೂ ಬಸ್ಸು ಹತ್ತಿ ಹುಮನಾಬಾದಿಗೆ ಹೋದೆವು. ಅಪ್ಪನ ಅಂಗಡಿಯಲ್ಲಿ ಚೀಲದಿಂದ ಚೀಲಕ್ಕೆ ಹೋಗುತ್ತ ಇಬ್ಬರೂ ಅಗಿದೆವು, ಉಗುಳಿದೆವು, ನಾಲಿಗೆಯ ಮೇಲಿನ ಗೋಂದನ್ನು ಒಬ್ಬರಿಗೊಬ್ಬರು ತೋರಿಸಿದೆವು. ಅಪ್ಪ ಗಾದಿಯ ಮೇಲಿಂದ ನೋಡುತ್ತಿದ್ದವನು ಕೇಳಿದ: "ಇವರು ಯಾರೋ? ಗೋಧಿ ಒಯ್ಯಾಕ ಬಂದಾರೋ, ಮೇಯಾಕ ಬಂದಾರೋ?"

"ಕಚೇರ್ಯಾಗ ಜಿಲ್ದು ಕಟ್ಟೋರಪ್ಪ. ಅಂಟಿಗೆ ಬೇಕಂತ."

ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಅವರು ನನ್ನನ್ನೊಮ್ಮೆ ನೋಡಿ ಮುಂದಿನ ಚೀಲಕ್ಕೆ ಕೈ ಹಾಕಿದರು.

ಅಲ್ಲಿಯೂ ಸಿಗಲಿಲ್ಲ. ಕೊನೆಗೆ ಬೇಕಾದ ಗೋಧಿ ಸಿಕ್ಕಿದ್ದು ಯಾರೂ ಎಣಿಸದ ಕಡೆ. ಆ ವರ್ಷಗಳಲ್ಲಿ ರೇಶನ್ ಅಂಗಡಿಗೆ ಹಡಗಿನಲ್ಲಿ ಬಂದ ಕೆಂಪು ಗೋಧಿ ಕೊಡುತ್ತಿದ್ದರು. ಅದರ ಚಪಾತಿ ಚಕ್ಕಳ. ಎಳೆದರೆ ಹರಿಯದು, ಹರಿದರೆ ನುಂಗಲಾಗದು. ಊರೆಲ್ಲ ಅದನ್ನು ಬೈಯುತ್ತಿತ್ತು. ಅವರು ಎರಡು ಕಾಳು ಅಗಿದು ಅಲ್ಲೇ ಸಾಲಿನಲ್ಲಿ ನಿಂತು ನಕ್ಕುಬಿಟ್ಟರು. ಹಿಂದಿನವನು, "ಏನ್ ಕಾಕಾ, ಹುಚ್ಚು ಹಿಡೀತೇನು?" ಎಂದ. "ಹಿಡೀತಪ್ಪಾ, ನಿನ್ನ ಪಾಲಿನದೂ ನನಗೇ ಕೊಡು," ಎಂದರು. ಜೋಳಕ್ಕೆ ಬದಲಾಗಿ ನಾಲ್ಕು ಮನೆಯ ಕೆಂಪು ಗೋಧಿ ಅವರ ಮನೆಗೆ ಬಂತು.

ಮಸಾಲೆ ತರುವುದು ನನ್ನ ಪಾಲಿಗೆ ಬಂತು. ಒಣಕೊಬ್ಬರಿ, ಗಸಗಸೆ, ಲವಂಗ ಸರಿ. ಕಲ್ಲುಹೂವು ಕೇಳಿದಾಗ ಹುಮನಾಬಾದಿನ ಅಂಗಡಿಯವನು ನನ್ನ ಹಣೆಯ ವಿಭೂತಿ ನೋಡಿದ. ನಮ್ಮ ಕಡೆ ಆ ಹೂವಿನ ವಾಸನೆ ಎಂದರೆ ಖಂಡದ ಸಾರಿನ ವಾಸನೆ. ನಮ್ಮಂಥ ಮನೆಗಳಿಗೆ ಅದು ಬರುವುದಿಲ್ಲ. "ಯಾರಿಗ್ರಿ?" ಎಂದ. "ಔಷಧಕ್ಕ," ಎಂದು ಹೇಳಿ ಜೇಬಿಗೆ ಹಾಕಿಕೊಂಡೆ. ಇಂಥ ಸಣ್ಣ ಸುಳ್ಳುಗಳು ನನಗೆ ಸುಲಭವಾಗಿ ಬರುತ್ತಿದ್ದವು. ಅವು ಎಲ್ಲಿಗೆ ಮುಟ್ಟುತ್ತವೆಂದು ಆಗ ಯೋಚಿಸಲಿಲ್ಲ.

ಮುಂದಿನ ಐತವಾರ ಅವರ ಅಂಗಳದಲ್ಲಿ ನಾನು ಕೊಡದಿಂದ ನೀರು ಹಾಕಿದೆ, ಅವರು ತೊಳೆದರು. ಮೊದಲ ನೀರು ಹಾಲು. ಎರಡನೆಯದು ಮಜ್ಜಿಗೆ. ಐದನೆಯದಕ್ಕೆ ನೀರು ತಿಳಿಯಾಗಿ ಪಾತ್ರೆಯ ತಳ ಕಂಡಿತು. ಕೈಯಲ್ಲಿ ಮುಷ್ಟಿ ಗಾತ್ರದ ಮುದ್ದೆ. ಎಳೆದರೆ ಎಳೆಯಾಗಿ ಬರುತ್ತಿತ್ತು. ಕಾಕು ಅದನ್ನು ಅರಿವೆಯಲ್ಲಿ ಕಟ್ಟಿ ಹಬೆಯಲ್ಲಿ ಬೇಯಿಸಿ, ತುಂಡು ಮಾಡಿ, ಎಣ್ಣೆಯಲ್ಲಿ ಕೆಂಪಗೆ ಹುರಿದು, ಮಸಾಲೆಗೆ ಹಾಕಿದರು. ಮೂಗಿಗೆ ಸೆರಗು ಕಟ್ಟಿರಲಿಲ್ಲ. ಕಾಕಾ ಒಂದು ತುಂಡು ಬಾಯಿಗೆ ಹಾಕಿ ಕಣ್ಣು ಮುಚ್ಚಿ ಅಗಿದರು. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದರು.

ನಾನು ಮಾಂಸ ಕಂಡವನಲ್ಲ. "ಹಂಗೇ ಅದ ಏನು ಕಾಕಾ?" ಎಂದು ಕೇಳಿದೆ.

"ಏನೂ ಹಂಗ ಇಲ್ಲ ತಮ್ಮಾ. ಆದರ ಹಲ್ಲು ಮೋಸ ಹೋದವು. ನನಗ ಅಷ್ಟೇ ಬೇಕಾಗಿತ್ತು."

ನಾನೂ ಉಂಡೆ. ಅವರ ಮನೆಯಲ್ಲಿ, ಅವರ ತಾಟಿನಲ್ಲಿ. ಆಮೇಲೆ ಎಷ್ಟು ಐತವಾರ ಉಂಡೆನೋ. ತೊಳೆದ ಬಿಳಿ ನೀರು ಕುದಿದು ಸೋಮವಾರ ಕಚೇರಿಗೆ ಅಂಟಾಗಿ ಬರುತ್ತಿತ್ತು. ಸರ್ಕಾರದ ಹಿಟ್ಟು ಅವರ ಹೊಟ್ಟೆಗೆ ಹೋಗಲಿಲ್ಲ. ಅವರ ಮನೆಯ ಹಿಟ್ಟು ಸರ್ಕಾರದ ಪುಸ್ತಕಕ್ಕೆ ಹೋಯಿತು.

ಹೀಗೆ ಐತವಾರವೂ ಬಿಟ್ಟಿತು. ಒಂದು ವರ್ಷ ತುಂಬಿದ ಮೇಲೆ ಒಂದು ಸಂಜೆ ಗೇಟಿನ ಹೊರಗೆ ನನ್ನನ್ನು ನಿಲ್ಲಿಸಿದರು. "ತಮ್ಮಾ, ನಾ ಇನ್ನ ನಿಮ್ಮ ಪಂಗ್ತ್ಯಾಗ ಕೂಡಬಹುದೇನು? ಬಿಟ್ಟು ಸುಮ್ಮನಿದ್ದರ ಆಗತದ. ಆದರ ನಿಮ್ಮ ಕಾಕೂಗ ಒಮ್ಮೆ ಹೇಳಬೇಕು ಅನಸತದ, ಇವತ್ತ ಪಡಸಾಲ್ಯಾಗ ಕೂತು ಉಂಡೆ ಅಂತ." ಅದನ್ನು ಕೇಳುವಾಗ ಐವತ್ತರ ಹತ್ತಿರದ ಆ ಮನುಷ್ಯ ಕೈ ಕಟ್ಟಿಕೊಂಡಿದ್ದರು.

ನಾನು ಹೆಡ್ ಗುಮಾಸ್ತರ ಹತ್ತಿರ ಮಾತಾಡಿದೆ. ಅವರು ನಮ್ಮ ಸಾಲಿನ ಹಿರಿಯರು, ಕಟ್ಟುನಿಟ್ಟಿನವರು. ಆ ದಿನಗಳಲ್ಲಿ ಅವರ ತಂಗಿಯ ಮಗಳನ್ನು ನನಗೆ ಕೊಡುವ ಮಾತು ನಡೆದಿತ್ತು. ಹುಡುಗಿ ಹುಮನಾಬಾದಿನವಳು. ನಮ್ಮ ಅಪ್ಪನಿಗೆ ಆ ಸಂಬಂಧ ದೊಡ್ಡದು, ನನಗೂ ಹುಡುಗಿ ಮನಸ್ಸಿಗೆ ಬಂದಿದ್ದಳು. "ನೀ ಹೊಣಿ ಇದ್ದರ ಕೂಡಲಿ," ಎಂದರು ಹೆಡ್ ಗುಮಾಸ್ತರು. ಹೊಣೆ ಎಂದೆ. ಕಾಕಾ ಸಾಲಿನ ಕೊನೆಯಲ್ಲಿ, ಗೋಡೆಗೆ ತಾಗಿ ಕೂಡತೊಡಗಿದರು. ಪಲ್ಯ ರೊಟ್ಟಿ ತರುತ್ತಿದ್ದರು. ಉಗುರು ಕೆರೆದುಕೊಂಡು, ಬೇರೆಯವರು ತುತ್ತು ಎತ್ತುವ ತನಕ ಕಾಯುತ್ತಿದ್ದರು.

ಎರಡು ತಿಂಗಳಾಗಿರಬೇಕು. ಹೆಡ್ ಗುಮಾಸ್ತರ ನಿವೃತ್ತಿಯ ಊಟ ಬಂತು. ಎಲ್ಲರೂ ಮನೆಯಿಂದ ಒಂದೊಂದು ಮಾಡಿಸಿ ತರುವುದೆಂದು ಮಾತಾಯಿತು. ಕಾಕಾ ಹಿತ್ತಾಳೆಯ ಡಬ್ಬಿಯಲ್ಲಿ ಐತವಾರದ ಆ ಗೋಧಿಯನ್ನೇ ತಂದರು. ಏನು ತಂದಿದ್ದಾರೆಂದು ನಾನು ಮುಚ್ಚಳ ತೆಗೆಯುವ ಮೊದಲೇ ವಾಸನೆಯಿಂದ ತಿಳಿದುಕೊಂಡೆ. ತಮ್ಮ ಮನೆಯಲ್ಲಿ ಎಲ್ಲಕ್ಕಿಂತ ಒಳ್ಳೆಯದನ್ನು ತಂದಿದ್ದರು, ಅಷ್ಟೇ. ಅದು ಬೇರೆಯವರಿಗೆ ಹೇಗೆ ಕಂಡೀತು ಎಂದು ಹೇಳಬೇಕಾದವನು ನಾನು. ಹೇಳಲು ಸಮಯವೂ ಇತ್ತು. ಯಾರಿಗೂ ಗೊತ್ತಾಗಲಿಕ್ಕಿಲ್ಲ ಎಂದುಕೊಂಡು ಸುಮ್ಮನೆ ಕೂತೆ.

ಅವರೇ ಎಲ್ಲರಿಗೂ ಬಡಿಸಿದರು. ಹೊಸದಾಗಿ ಬಂದ ಟೈಪಿಸ್ಟ್ ಒಂದು ತುಂಡು ಅಗಿದು, ಇನ್ನೂ ಅಗಿದು, ಸಟ್ಟನೆ ಎದ್ದು ಪಡಸಾಲೆಯ ಕೆಳಗೆ ಉಗುಳಿದ.

"ಖಂಡ ಅದರಿ ಇದು!"

ಎಲ್ಲರ ಕೈ ನಿಂತಿತು. ಒಬ್ಬರು ಮೂಸಿ ನೋಡಿದರು. ವಾಸನೆ ಅದೇ. ಇನ್ನೊಬ್ಬರು ಬೆರಳಿನಿಂದ ಒತ್ತಿದರು. ಅದು ತಗ್ಗಿ ಮತ್ತೆ ಎದ್ದಿತು.

ಅವರು ಸೌಟು ಹಿಡಿದುಕೊಂಡೇ ಹೇಳಿದರು: "ಗೋಧೀದರಿ ಸಾಹೇಬ್ರ. ಗೋಧಿ ತೊಳದು ಮಾಡಿದ್ದು. ಮಾಳಕರಿ ಕೈಯಿಂದ ಆದದ್ದು."

"ಗೋಧಿ ಹಿಂಗ ಇರ್ತದೇನೋ?"

"ಹಿಟ್ಟು ಕೊಡ್ರಿ, ನೀರು ಕೊಡ್ರಿ, ನಿಮ್ಮ ಕಣ್ಣ ಮುಂದ ತೊಳದು ತೋರಸತೀನಿ. ಇಲ್ಲಾಂದ್ರ ಹುಣಸಿ ಗಿಡದ ಕೆಳಗಿನವರನ್ನ ಕರೀರಿ. ಅವರು ತಿಂದು ಹೇಳತಾರ ಖಂಡ ಹೌದೋ ಅಲ್ಲೋ."

"ಅವರ ಸಾಕ್ಷಿ ತಗೊಂಡು ನಾವು ಉಣ್ಣಬೇಕೇನು?" ಎಂದರು ಹೆಡ್ ಗುಮಾಸ್ತರು. ರುಚಿ ಗೊತ್ತಿದ್ದವರನ್ನು ಕೇಳುವಂತಿಲ್ಲ. ಕೇಳಬಹುದಾದವರಿಗೆ ರುಚಿ ಗೊತ್ತಿಲ್ಲ. ಆಗ ಹೆಡ್ ಗುಮಾಸ್ತರು ನನ್ನ ಕಡೆ ತಿರುಗಿದರು. "ಏನ್ರಿ ಅಳಿಯಂದ್ರ, ಹೊಣಿ ನೀವು. ಇವರ ಮನ್ಯಾಗ ಇಂಥಾದ್ದು ಮಾಡತಾರ ಅಂತ ನಿಮಗ ಗೊತ್ತಿತ್ತೇನು?"

ಗೊತ್ತಿತ್ತು ಎಂದರೆ ಮುಂದಿನ ಪ್ರಶ್ನೆ, ಹೇಗೆ ಗೊತ್ತು. ಅವರ ಮನೆಯಲ್ಲಿ ಉಂಡದ್ದು ಹೊರಬರುತ್ತಿತ್ತು. ಸಂಬಂಧ ಅಲ್ಲಿಗೆ ಮುಗಿಯುತ್ತಿತ್ತು. ನಾನು ಕಾಕಾನ ಕೈ ನೋಡುತ್ತ ಕೂತಿದ್ದೆ. ಹೆಬ್ಬೆರಳಿನ ಉಗುರು ಅಂದು ಚೊಕ್ಕಟವಾಗಿತ್ತು.

"ನನಗ ಗೊತ್ತಿಲ್ಲರಿ," ಎಂದೆ.

ಕಾಕಾ ಒಂದು ಮಾತು ಆಡಿದ್ದರೆ ಸಾಕಿತ್ತು. ಐತವಾರದ ಲೆಕ್ಕ ಹೇಳಿದ್ದರೆ, ಕಲ್ಲುಹೂವು ತಂದವರು ಯಾರೆಂದು ಹೇಳಿದ್ದರೆ ಸಾಕಿತ್ತು. ಸೌಟನ್ನು ಡಬ್ಬಿಯೊಳಗಿಟ್ಟು, "ಹೌದ್ರಿ, ಸಾಹೇಬ್ರಿಗೆ ಗೊತ್ತಿಲ್ಲ," ಎಂದರು. ಬಡಿಸಿದ್ದನ್ನೆಲ್ಲ ಒಂದೊಂದೇ ಎಲೆಯಿಂದ ಎತ್ತಿ ಡಬ್ಬಿಗೆ ಹಾಕಿಕೊಂಡರು. ನನ್ನ ಎಲೆಯಿಂದಲೂ. ನಾವೆಲ್ಲ ಅಂದು ಸ್ನಾನ ಮಾಡಿ ವಿಭೂತಿ ಧರಿಸಿ ಶುದ್ಧರಾದೆವು. ನಾನೂ ಮಾಡಿದೆ.

ಮರುದಿನದಿಂದ ಅವರು ಪಡಸಾಲೆಗೆ ಬರಲಿಲ್ಲ. ಹುಣಸೆ ಗಿಡಕ್ಕೂ ಹೋಗಲಿಲ್ಲ. ರೆಕಾರ್ಡು ಕೋಣೆಯ ಬಾಗಿಲು ಓರೆ ಮಾಡಿಕೊಂಡು ಒಳಗೇ ಉಣ್ಣುತ್ತಿದ್ದರು. ನನ್ನ ಕೆಲಸ ಒಂದೂ ಬಾಕಿ ಉಳಿಸಲಿಲ್ಲ, ಕೇಳಿದ ಪುಸ್ತಕ ಕೇಳಿದ ತಕ್ಷಣ ಕೊಟ್ಟರು. ಒಂದು ಸಂಜೆ ಗೇಟಿನ ಹೊರಗೆ ನಾನು "ಕಾಕಾ" ಎಂದು ಕರೆದೆ. ನಿಂತರು. "ಏನ್ರಿ ಸಾಹೇಬ್ರ?" ಎಂದರು. ಗೇಟಿನ ಹೊರಗೆ. ಏನಿಲ್ಲ ಎಂದೆ.

ಮಾತು ಊರಲ್ಲಿ ಹರಡಿತು. ದಫ್ತರಿಯ ಹೆಂಡತಿ ಮಾಲೆ ಹಾಕಿಕೊಂಡು ಖಂಡ ಬೇಯಿಸಿ ಗೋಧಿ ಎಂದು ಕೊಟ್ಟಳಂತೆ. ಗಂಡನಿಗೆ ಬೇರೆ ಗಡಿಗೆಯಲ್ಲಿ ಬೇಯಿಸುತ್ತಿದ್ದಾಗ ಏನೂ ಅನ್ನದವರು ಈಗ ಅಂದರು. ಏಕಾದಶಿಯ ಭಜನೆಗೆ ಕೂಡುವ ಹೆಂಗಸರಲ್ಲಿ ಹಿರಿಯವಳಾದ ಒಬ್ಬ ಮುದುಕಿ, "ಅನುಮಾನ ಇದ್ದಲ್ಲಿ ಮಾಲಿ ಇರಬಾರದವ್ವ, ತೆಗೆದಿಡು," ಎಂದಳಂತೆ. ಕಾಕು ತೆಗೆದಿಟ್ಟರು. ಇದನ್ನು ನಾನು ಕೇಳಿ ತಿಳಿದದ್ದು. ಆ ಮನೆಯ ಕಡೆ ನಾನು ಹೋಗಲಿಲ್ಲ. ಆರು ತಿಂಗಳಿಗೆ ನನ್ನ ಮದುವೆಯಾಯಿತು. ಬೇಡಿಕೊಂಡು ಹುಮನಾಬಾದಿಗೆ ವರ್ಗ ಮಾಡಿಸಿಕೊಂಡೆ.

ಆ ಎರಡು ಊರುಗಳ ನಡುವೆ ಬಸ್ಸಿನಲ್ಲಿ ಒಂದು ತಾಸೂ ಇಲ್ಲ. ಆ ದಾರಿ ನಡೆಯಲು ನನಗೆ ಹದಿನೇಳು ವರ್ಷ ಬೇಕಾಯಿತು. ಅವರು ನಿವೃತ್ತರಾದದ್ದು ಗೊತ್ತಾಯಿತು, ಹೋಗಲಿಲ್ಲ. ಕಾಲು ಊದಿ ಮಲಗಿದ್ದಾರೆಂದು ಗೊತ್ತಾಯಿತು, ಬರುವ ಐತವಾರ ಎಂದುಕೊಂಡೆ. ತೀರಿಹೋದರೆಂದು ಹಳೆಯ ಸಹೋದ್ಯೋಗಿಯೊಬ್ಬ ಬಸ್ ನಿಲ್ದಾಣದಲ್ಲಿ ಸಿಕ್ಕಿ ಹೇಳಿದ. ಅದಾಗಿ ತಿಂಗಳಾಗಿತ್ತು.

ಹೋದೆ. ಅದೇ ಅಂಗಳ. ಎಮ್ಮೆ ಇರಲಿಲ್ಲ. ಕಾಕು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ ಗುರುತಿಸಿದರು.

"ಬಾ ತಮ್ಮಾ, ಬಾ. ಕೂಡು. ಎಷ್ಟು ಬಿಳೀ ಆದೆಪ್ಪ ನೀ!"

ಜೋಳದ ರೊಟ್ಟಿ, ಪುಂಡಿಪಲ್ಯ ಹಾಕಿ ಕೊಟ್ಟರು. ಕೊರಳು ಬರಿದಾಗಿತ್ತು. ಐತವಾರದ ಗೋಧಿಯನ್ನು ಕಾಕಾ ಆ ದಿನದ ನಂತರ ಮಾಡಿಸಲೇ ಇಲ್ಲವಂತೆ. "ನೋಡಿದವರಿಗೆ ಮತ್ತ ಅನುಮಾನ ಬರೂದು ಬ್ಯಾಡ ಅಂದರು. ಖಂಡಾನೂ ಮುಟ್ಟಲಿಲ್ಲ. ಹಲ್ಲು ತುರಸ್ತಾವೇನು ಅಂತ ಕೇಳತಿದ್ದೆ. ಹಲ್ಲೇ ಉದುರಾಕತ್ತಾವ ಬಿಡು ಅಂತಿದ್ದರು." ಇನ್ನಷ್ಟು ಪಲ್ಯ ಹಾಕುತ್ತ ಹೇಳಿದರು: "ನಿನ್ನ ಮಾತ್ರ ನೆನಸತಿದ್ದರು ತಮ್ಮಾ. ಅವತ್ತು ಎಲ್ಲಾರೂ ಮ್ಯಾಲ ಬಿದ್ದಾಗ ನೀ ಒಬ್ಬನೇ ನಮ್ಮ ಕಡಿ ಮಾತಾಡಿದಿ ಅಂತ. ಮದುವಿ ಮುರೀತದ ಅಂತ ಅವರೇ ನಿನ್ನ ಸುಮ್ಮನ ಮಾಡಿದರಂತ. ಅದಕ್ಕೇ ಬರಾಕ ಮುಜುಗರ ಪಡತಾನ ಅಂತಿದ್ದರು."

ಮುರಿದ ರೊಟ್ಟಿಯನ್ನು ತಾಟಿನಲ್ಲಿಟ್ಟೆ. ಕಾಕಾ ಆಕೆಗೆ ಅಂಥ ಸುಳ್ಳು ಹೇಳಿ, ಆ ಸುಳ್ಳಿನಲ್ಲಿ ನನ್ನನ್ನು ಹದಿನೇಳು ವರ್ಷ ಒಳ್ಳೆಯವನನ್ನಾಗಿ ಇಟ್ಟಿದ್ದರು. ಆಕೆಗೆ ಊರಲ್ಲಿ ಒಬ್ಬನಾದರೂ ನಂಬಿದವನು ಇದ್ದಾನೆ ಎನ್ನಿಸಲಿ ಎಂದು ಹಾಗೆ ಮಾಡಿರಬೇಕು. ಉಂಡು ಎದ್ದು ಬರಬಹುದಾಗಿತ್ತು. ಅದಕ್ಕೂ ಮನಸ್ಸು ಒಂದು ಕ್ಷಣ ತಯಾರಾಗಿತ್ತು ಎಂಬುದನ್ನೂ ಬರೆದುಬಿಡುತ್ತೇನೆ.

ಹೇಳಿದೆ. ಗೊತ್ತಿಲ್ಲ ಎಂದು ನಾನು ಅಂದದ್ದು, ಅವರು ಹೌದೆಂದದ್ದು, ನನ್ನ ಎಲೆಯಿಂದ ಎತ್ತಿಕೊಂಡದ್ದು.

ಕಾಕು ರೊಟ್ಟಿಯ ಬುಟ್ಟಿಗೆ ಅರಿವೆ ಮುಚ್ಚಿದರು. ಆಮೇಲೆ ಕೇಳಿದರು: "ಅವರಿದ್ದಾಗ ಅವರ ಮುಂದ ಹೇಳಿದ್ರೇನು?"

"ಇಲ್ಲ ಕಾಕು."

"ಈಗ ನನ್ನ ಮುಂದ ಹೇಳಿ ಏನು? ಗೋಧಿ ಅಂತ ನನಗ ಮೊದಲೇ ಗೊತ್ತಿತ್ತು. ಗೊತ್ತಿಲ್ಲದವರ ಮುಂದ ಹೇಳ್ರಿ."

ಹೆಡ್ ಗುಮಾಸ್ತರು ತೀರಿ ವರ್ಷಗಳಾಗಿದ್ದವು. ಪಡಸಾಲೆಯ ಸಾಲಿನವರು ಚದುರಿಹೋಗಿದ್ದರು. ಉಳಿದವಳು ಆ ಭಜನೆಯ ಮುದುಕಿ. ಹುಮನಾಬಾದಿಗೆ ಮರಳಿ ಹೆಂಡತಿಗೆ ಎಲ್ಲ ಹೇಳಿದೆ. ತನ್ನ ಮದುವೆ ಯಾವುದರ ಮೇಲೆ ನಿಂತಿತ್ತೆಂದು ಕೇಳಿ ಅವಳು ಒಂದು ವಾರ ನನ್ನೊಂದಿಗೆ ಮಾತಾಡಲಿಲ್ಲ. ನಮ್ಮ ಅಂಗಡಿಗೆ ಹೋಗಿ, ಉಳಿದಿದ್ದ ಹಲ್ಲುಗಳಿಂದ ಒಂದೊಂದೇ ಚೀಲದ ಕಾಳು ಅಗಿದೆ. ಕೆಂಪು ಗೋಧಿ ಆಗ ಬರುತ್ತಿರಲಿಲ್ಲ. ನಾಲ್ಕನೆಯ ಚೀಲದ ಹೊಸ ತಳಿ ನಾಲಿಗೆಯ ಮೇಲೆ ಗೋಂದಾಗಿ ಉಳಿಯಿತು. ಬೀಸಿಸಿ, ಸಣ್ಣ ಜರಡಿ ಹಿಡಿಸಿದೆ. ಕಲ್ಲುಹೂವು ಕೇಳಿದಾಗ ಅಂಗಡಿಯಲ್ಲಿ ಯಾರಿಗೆಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.

ಏಕಾದಶಿಯ ಮರುದಿನ, ಉಪವಾಸ ಬಿಡುವ ಬಾರಸಿಯಂದು, ಆ ಮುದುಕಿಯ ಅಂಗಳಕ್ಕೆ ಹೋದೆ. ಭಜನೆಯ ಐದಾರು ಹೆಂಗಸರು ಅಲ್ಲಿದ್ದರು. ಕಾಕು ನನ್ನ ಹಿಂದೆ ಬಂದು ಬಾಗಿಲ ಹತ್ತಿರ ಕೂತರು. ಆ ಅಂಗಳಕ್ಕೆ ಆಕೆ ಕಾಲಿಟ್ಟು ಹದಿನೇಳು ವರ್ಷವಾಗಿತ್ತು. ನಾನು ಯಾರು, ಏನು ಮಾಡಿದೆ ಎಂದು ನಿಂತು ಹೇಳಿದೆ. ಮಾತು ಬೇಗ ಮುಗಿಯಿತು. ಕೂತು ಹಿಟ್ಟು ನಾದಿದೆ, ನೆನೆಹಾಕಿದೆ. ಅದು ನೆನೆಯುವ ತನಕ ಕಾದೆ. ಆಮೇಲೆ ತೊಳೆದೆ. ನನಗೆ ಅಭ್ಯಾಸವಿಲ್ಲ, ಐದು ನೀರಿಗೆ ಆಗುವುದು ಒಂಬತ್ತು ನೀರಾಯಿತು. ಬೆರಳು ಜೋಮು ಹಿಡಿದವು. ಒಬ್ಬಾಕೆ ಕೊಡ ತಂದು ನೀರು ಹಾಕಿದಳು. ಒಂಬತ್ತನೆಯದಕ್ಕೆ ಪಾತ್ರೆಯ ತಳ ಕಂಡಿತು.

"ಅಯ್ಯ, ಕುರಡಗಿ ಹಿಂಡಿದಾಗ ಬರ್ತದಲ್ಲ, ಅದೇ ಅಲ್ಲೇನು!" ಎಂದಳು ನೀರು ಹಾಕಿದವಳು.

ಅದೇ ಆಗಿತ್ತು. ಎಲ್ಲರ ಮನೆಯಲ್ಲೂ ಪ್ರತಿ ಬೇಸಿಗೆ ಇದ್ದದ್ದು.

ಕಾಕು ಎದ್ದು ಬಂದು ಬೇಯಿಸಿದರು, ಹುರಿದರು, ಮಸಾಲೆಗೆ ಹಾಕಿದರು. ಮುದುಕಿಗೆ ಹಲ್ಲಿರಲಿಲ್ಲ. ಒಂದು ತುಂಡನ್ನು ಬಾಯಲ್ಲಿ ಈ ಕಡೆಯಿಂದ ಆ ಕಡೆಗೆ ಬಹಳ ಹೊತ್ತು ತಿರುಗಿಸಿದಳು. ಎಲ್ಲರೂ ಆಕೆಯ ಬಾಯಿ ನೋಡುತ್ತಿದ್ದರು.

"ಉಪ್ಪು ಕಮ್ಮಿ ಆಗ್ಯಾದ," ಎಂದಳು. ಆಮೇಲೆ ಕಾಕುವಿನ ಕಡೆ ತಿರುಗಿ, ತಲೆ ಎತ್ತದೆ ಕೇಳಿದಳು: "ಮಾಲಿ ಎಲ್ಲಿಟ್ಟೀಯವ್ವ?"

ಕಾಕು ಸೆರಗಿನ ಗಂಟು ಬಿಚ್ಚಿದರು. ತಂದೇ ಇದ್ದರು. ಮುದುಕಿ ಅದನ್ನು ಆಕೆಯ ಕೊರಳಿಗೆ ಹಾಕಿದಳು. ಒಬ್ಬಿಬ್ಬರು ಕಣ್ಣೊರೆಸಿಕೊಂಡರು. ಕಾಕು ಒರೆಸಿಕೊಳ್ಳಲಿಲ್ಲ. ಎರಡು ಮಣಿ ಸರಿಮಾಡಿಕೊಂಡು, ಪಾತ್ರೆ ತೊಳೆಯಲು ತೆಗೆದುಕೊಂಡರು.

ನಾನು ಅಂಗಳದ ಮೂಲೆಯಲ್ಲಿ ಕೈ ತೊಳೆಯಲು ಹೋದೆ. ಕಾಕು ಚೊಂಬಿನಿಂದ ನೀರು ಹಾಕಿದರು. ಉಗುರಿನ ಸಂದಿಯಲ್ಲಿ ಹಿಟ್ಟು ಒಣಗಿತ್ತು. ಅದನ್ನು ಆಕೆಯೂ ನೋಡಿದರು. ಏನಾದರೂ ಹೇಳುತ್ತಾರೆಂದು ಕಾದೆ. ಹಳೆಯ ಆ ಒಂದು ಶಬ್ದ ಬಂದೀತೆಂದು, ವಯಸ್ಸಾದ ನಾನು ಹುಡುಗನಂತೆ ಕಾದೆ.

ಚೊಂಬು ಖಾಲಿಯಾಯಿತು.

"ಹೊತ್ತಾತು. ಬಸ್ಸು ಹೋದೀತು," ಎಂದರು. "ಹೋಗಿ ಬರ್ರಿ, ಸಾಹೇಬ್ರ."